ಮೌಂಟ್ ಪ್ಲೆಸೆಂಟ್ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು: ಓಕ್ ಸಾಲು, ಇಟ್ಟಿಗೆ ಗುಡಿಸಲು, ಕೋಟೆ, ಬುಟ್ಟಿ

ಮೌಂಟ್ ಪ್ಲೆಸೆಂಟ್ ಎಲ್ಲಿದೆ? ಚಾರ್ಲ್ಸ್‌ಟನ್‌ಗೆ ಹೋದರೆ ಸಾಲದೇ?

ಅಮೆರಿಕದ ಸೌತ್ ಕೆರೊಲಿನಾದಲ್ಲಿ ಕೂಪರ್ ನದಿಯ ಒಂದು ದಡದಲ್ಲಿ ಚಾರ್ಲ್ಸ್‌ಟನ್, ಎದುರು ದಡದಲ್ಲಿ ಮೌಂಟ್ ಪ್ಲೆಸೆಂಟ್. ನಡುವೆ ರಾವೆನೆಲ್ ಸೇತುವೆ. ಹಳೇ ಪೇಟೆ, ಚರ್ಚು, ಕುದುರೆಗಾಡಿ ಎಲ್ಲ ಚಾರ್ಲ್ಸ್‌ಟನ್ ಕಡೆ. ಬೂನ್ ಹಾಲ್ ಪ್ಲಾಂಟೇಷನ್, ಪಿಂಕ್ನಿಯ ಸ್ನೀ ಫಾರ್ಮ್, ಯಾರ್ಕ್‌ಟೌನ್ ಯುದ್ಧನೌಕೆ, ಶೆಮ್ ಕ್ರೀಕ್ ಇರುವುದು ಈ ಉಪನಗರದಲ್ಲಿ; ಫೋರ್ಟ್ ಮೌಲ್ಟ್ರಿ ಇರುವ ಸಲಿವಾನ್ಸ್ ದ್ವೀಪ ಇದಕ್ಕೇ ಅಂಟಿಕೊಂಡಿದೆ. ಶಾರ್ಲಟ್‌ನಿಂದ ಕಾರಿನಲ್ಲಿ ಸುಮಾರು ಮೂರೂವರೆ ಗಂಟೆ, ಅಟ್ಲಾಂಟಾದಿಂದ ಐದು ಗಂಟೆ. ವಿಮಾನದಲ್ಲಿ ಬಂದರೆ ಚಾರ್ಲ್ಸ್‌ಟನ್ ನಿಲ್ದಾಣದಿಂದ 526ನೇ ಹೆದ್ದಾರಿ ಹಿಡಿದು ಲಾಂಗ್ ಪಾಯಿಂಟ್ ರಸ್ತೆಗೆ ಇಳಿಯಿರಿ, ಪೇಟೆಯ ಗದ್ದಲ ತಪ್ಪುತ್ತದೆ. ಬಾಡಿಗೆ ಕಾರು ಇಲ್ಲದೆ ಇಷ್ಟನ್ನೂ ನೋಡುವುದು ಕಷ್ಟ.

ಪ್ಲಾಂಟೇಷನ್ ಅಂದರೆ ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ಎಸ್ಟೇಟಿನಂಥದ್ದೇ?

ಅಲ್ಲ. ಈ ಒಂದು ಹೋಲಿಕೆ ತಲೆಯಲ್ಲಿಟ್ಟುಕೊಂಡು ಬಂದವರಿಗೆ ಬಂಗಲೆ, ತೋಟ, ಮರದ ಸಾಲು ಮಾತ್ರ ಕಾಣುತ್ತದೆ. ಎಸ್ಟೇಟಿನ ಲೈನ್ ಮನೆಗಳ ಬದುಕೂ ಸುಖದ್ದಾಗಿರಲಿಲ್ಲ, ನಿಜ. ಆದರೆ ಇಲ್ಲಿ ದುಡಿದವರು ಕೂಲಿಯವರಲ್ಲ. ಕಾನೂನಿನ ಕಣ್ಣಿನಲ್ಲಿ ಅವರು ಮಾಲೀಕನ ಆಸ್ತಿ. ಅವರನ್ನು ಕೊಳ್ಳಬಹುದಿತ್ತು, ಮಾರಬಹುದಿತ್ತು, ಸಾಲಕ್ಕೆ ಅಡ ಇಡಬಹುದಿತ್ತು, ಉಯಿಲಿನಲ್ಲಿ ಮಕ್ಕಳಿಗೆ ಹಂಚಬಹುದಿತ್ತು. ಗುಲಾಮ ತಾಯಿಗೆ ಹುಟ್ಟಿದ ಕೂಸು ಹುಟ್ಟಿನಿಂದಲೇ ಗುಲಾಮ. ಈ ವ್ಯವಸ್ಥೆ ಇಲ್ಲಿ ಕೊನೆಗೊಂಡದ್ದು 1865ರಲ್ಲಿ, ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ ಮುಗಿದಾಗ.

ಈ ಕರಾವಳಿಯಲ್ಲಿ ದುಡಿಮೆಗೆ ‘ಟಾಸ್ಕ್’ ಪದ್ಧತಿ ಇತ್ತು. ಒಬ್ಬ ಆಳಿಗೆ ದಿನಕ್ಕೆ ಇಷ್ಟು ಕೆಲಸ ಅಂತ ಗೊತ್ತುಮಾಡುತ್ತಿದ್ದರು. ಭತ್ತದ ಗದ್ದೆಯಲ್ಲಿ ಸಾಮಾನ್ಯ ಲೆಕ್ಕ ಕಾಲು ಎಕರೆ. ಅದು ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಸ್ವಂತಕ್ಕೆ ತರಕಾರಿ ಬೆಳೆಯಬಹುದಿತ್ತು, ಮೀನು ಹಿಡಿಯಬಹುದಿತ್ತು, ಬುಟ್ಟಿ ಹೆಣೆಯಬಹುದಿತ್ತು. ಹೀಗೆ ಮಿಕ್ಕ ತುಣುಕು ಸಮಯ, ಮಲೇರಿಯಾಕ್ಕೆ ಹೆದರಿ ಬೇಸಿಗೆಯಲ್ಲಿ ಊರು ಬಿಡುತ್ತಿದ್ದ ಮಾಲೀಕರು, ದ್ವೀಪಗಳ ಒಂಟಿತನ ಇವೆಲ್ಲ ಸೇರಿ, ಗುಲಾಮರಾಗಿ ಬಂದ ಆಫ್ರಿಕದವರ ಮತ್ತು ಅವರ ವಂಶದವರ ಗುಲ್ಲಾ ಗೀಚೀ ಎಂಬ ಭಾಷೆ ಮತ್ತು ಸಂಸ್ಕೃತಿ ಉಳಿದುಕೊಂಡಿತು. ಇವತ್ತು ಇಲ್ಲಿ ನೋಡಬೇಕಾದ್ದರಲ್ಲಿ ಅದೇ ದೊಡ್ಡದು.

ಬೂನ್ ಹಾಲ್‌ನಲ್ಲಿ ನಿಜಕ್ಕೂ ಹಳೆಯದು ಯಾವುದು?

ಬಹುತೇಕರು ಎಡವುವುದು ಇಲ್ಲೇ. ಬಿಳಿ ಕಂಬಗಳ ದೊಡ್ಡ ಮನೆಯ ಮುಂದೆ ನಿಂತು ‘ಮುನ್ನೂರು ವರ್ಷದ ಬಂಗಲೆ’ ಅಂದುಕೊಳ್ಳುತ್ತಾರೆ. ಆ ಮನೆ ಕಟ್ಟಿದ್ದು 1936ರಲ್ಲಿ. ಆಗಿನ ಮಾಲೀಕ, ಕೆನಡಾದ ಥಾಮಸ್ ಸ್ಟೋನ್, ಹಳೆಯ ಮರದ ಮನೆಯಿದ್ದ ಜಾಗದಲ್ಲಿ ಹಳೇ ಕಾಲದ ಮಾದರಿಯಲ್ಲಿ ಅದನ್ನು ಕಟ್ಟಿಸಿದ. ನಮ್ಮೂರಿನ ಎಷ್ಟೋ ಅಜ್ಜಿಮನೆಗಳು ಅದಕ್ಕಿಂತ ಹಳೆಯವು.

ಹಳೆಯವು ಎರಡು. ಒಂದು, ಮನೆಗೆ ಹೋಗುವ ದಾರಿಯ ಎರಡೂ ಬದಿಯ ಓಕ್ ಮರಗಳು. 1743ರಲ್ಲಿ ಬೂನ್ ಮನೆತನದವರು ನೆಡಿಸಿದ್ದು. 88 ಮರ, ಮುಕ್ಕಾಲು ಮೈಲಿ ಉದ್ದ. ಎರಡು ಸಾಲಿನ ಕೊಂಬೆಗಳು ಮೇಲೆ ಕೂಡಿ ಚಪ್ಪರವಾಗಲು ಹತ್ತಿರ ಹತ್ತಿರ ಎರಡು ಶತಮಾನ ಹಿಡಿಯಿತು. ನೆಡಿಸಿದವರು ಆ ನೆರಳನ್ನು ನೋಡಲೇ ಇಲ್ಲ.

ಎರಡನೆಯದು, ಓಕ್ ಸಾಲಿನ ಪಕ್ಕದಲ್ಲೇ ಒಂದೇ ಗೆರೆಯಲ್ಲಿ ನಿಂತಿರುವ 9 ಇಟ್ಟಿಗೆ ಗುಡಿಸಲುಗಳು. 1790ರಿಂದ 1810ರ ನಡುವೆ ಕಟ್ಟಿದವು. ಗುಲಾಮರು ವಾಸಿಸಿದ ಇಟ್ಟಿಗೆಯ ಮನೆಗಳು ಒಂದು ಬೀದಿಯಾಗಿ ಹೀಗೆ ಉಳಿದಿರುವುದು ಅಮೆರಿಕದಲ್ಲೇ ಅಪರೂಪ. ಇವುಗಳಲ್ಲಿ ಇದ್ದವರು ಮನೆಗೆಲಸದವರು, ಕಸುಬುದಾರರು. ಹೊಲದಲ್ಲಿ ದುಡಿದವರ ಮರದ ಗುಡಿಸಲುಗಳಲ್ಲಿ ಒಂದೂ ನಿಂತಿಲ್ಲ. ಇಟ್ಟಿಗೆಯವು ರಸ್ತೆಗೆ ಕಾಣುವಂತೆ ಇರುವುದಕ್ಕೂ ಅರ್ಥವಿದೆ: ಬರುವ ಅತಿಥಿಗೆ ಮಾಲೀಕನ ಸಂಪತ್ತು ಮನೆ ತಲುಪುವ ಮುಂಚೆಯೇ ಗೊತ್ತಾಗಬೇಕು.

ಇಟ್ಟಿಗೆಯೇ ಏಕೆ? ತೊರೆಯ ದಡದಲ್ಲಿ ಜೇಡಿಮಣ್ಣು, ಸುಡಲು ಕಾಡಿನ ಸೌದೆ, ಸಾಗಿಸಲು ನೀರಿನ ದಾರಿ, ಮೂರೂ ಒಂದೇ ಕಡೆ ಇದ್ದವು. ಗುಡಿಸಲು ಕಟ್ಟಿದ ಮೇಲೆ, 1817ರಲ್ಲಿ, ಈ ಆಸ್ತಿ ಕೊಂಡ ಹಾರ್ಲ್‌ಬೆಕ್ ಸಹೋದರರು ಕಟ್ಟಡದ ಗುತ್ತಿಗೆದಾರರು. ಅವರ ಕಾಲದಲ್ಲಿ, 1850ರ ಹೊತ್ತಿಗೆ 85 ಮಂದಿ ಗುಲಾಮರ ದುಡಿಮೆಯಿಂದ ಇಲ್ಲಿ ವರ್ಷಕ್ಕೆ 40 ಲಕ್ಷ ಇಟ್ಟಿಗೆ ಆಗುತ್ತಿತ್ತು. ಲೆಕ್ಕ ಹಾಕಿದರೆ ತಲೆಗೆ ವರ್ಷಕ್ಕೆ 47,000 ಇಟ್ಟಿಗೆ. ಚಾರ್ಲ್ಸ್‌ಟನ್ ಪೇಟೆಯ ಹಳೇ ಗೋಡೆಗಳನ್ನು ನೋಡುವಾಗ ಈ ಸಂಖ್ಯೆ ನೆನಪಿರಲಿ. ಹಸಿ ಇಟ್ಟಿಗೆಯನ್ನು ಅಚ್ಚಿನಿಂದ ತೆಗೆದು ಒಣಗಲು ತಿರುಗಿಸಿಡುವಾಗ ಬೆರಳು ಒತ್ತಿದ ಗುರುತು ಈ ಪ್ರದೇಶದ ಕೆಲವು ಇಟ್ಟಿಗೆಗಳಲ್ಲಿ ಸುಟ್ಟು ಉಳಿದಿದೆ. ಕೆಲವು ಗುರುತು ಬಹಳ ಚಿಕ್ಕವು, ಮಕ್ಕಳ ಬೆರಳಿನವು.

ಬೂನ್ ಹಾಲ್ ನೋಡಲು ಎಷ್ಟು ಹೊತ್ತು ಬೇಕು? ಯಾವ ಕ್ರಮದಲ್ಲಿ ನೋಡಬೇಕು?

ಕನಿಷ್ಠ ಮೂರು ಗಂಟೆ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಓಕ್ ಸಾಲಿನ ಕೆಳಗೆ ಬೆಳಗಿನ ಬೆಳಕು ಚೆನ್ನಾಗಿರುತ್ತದೆ, ಬಸ್ಸಿನಲ್ಲಿ ಬರುವ ಗುಂಪು ಇನ್ನೂ ಬಂದಿರುವುದಿಲ್ಲ.

ಒಳಗೆ ಹೋದ ತಕ್ಷಣ ಮಾಡಬೇಕಾದ್ದು: ಅವತ್ತಿನ ಕಾರ್ಯಕ್ರಮದ ಪಟ್ಟಿ ತೆಗೆದುಕೊಂಡು ಗುಲ್ಲಾ ಪ್ರದರ್ಶನದ ಸಮಯಕ್ಕೆ ಗುರುತು ಹಾಕಿ. ಅದನ್ನು ನಡುವೆ ಇಟ್ಟುಕೊಂಡು ಮಿಕ್ಕದ್ದನ್ನು ಸುತ್ತ ಹೊಂದಿಸಿ. ಗುಲ್ಲಾ ಸಮುದಾಯದವರೇ ಹಾಡು, ಮಾತು, ಕಥೆಗಳಲ್ಲಿ ನಡೆಸಿಕೊಡುವ ಈ ಕಾರ್ಯಕ್ರಮ ತಪ್ಪಿದರೆ ಇಡೀ ಭೇಟಿ ಅರ್ಧ. ಋತುವಿಗೆ ತಕ್ಕಂತೆ ಸಮಯ ಬದಲಾಗುತ್ತದೆ, ಚಳಿಗಾಲದಲ್ಲಿ ಕಡಿಮೆ, ಆದ್ದರಿಂದ ಹಿಂದಿನ ರಾತ್ರಿಯೇ ಅವರ ಜಾಲತಾಣದಲ್ಲಿ ನೋಡಿಕೊಳ್ಳಿ.

ಮೊದಲು ಗುಡಿಸಲುಗಳಿಗೆ ಹೋಗಿ. ಒಂದೊಂದರಲ್ಲೂ ಒಂದೊಂದು ವಿಷಯ: ಒಂದರಲ್ಲಿ ದಿನನಿತ್ಯದ ಬದುಕು, ಇನ್ನೊಂದರಲ್ಲಿ ಪೂಜೆ ಪ್ರಾರ್ಥನೆ, ಮತ್ತೊಂದರಲ್ಲಿ ಬಿಡುಗಡೆಯ ನಂತರದ ಹೋರಾಟ. ಧ್ವನಿಮುದ್ರಿಕೆ ಕೇಳುತ್ತಾ ನಿಧಾನವಾಗಿ ನೋಡಲು ಒಂದು ಗಂಟೆ ಬೇಕು. ಆಮೇಲೆ ಟ್ರ್ಯಾಕ್ಟರ್ ಎಳೆಯುವ ಗಾಡಿಯ ಸುತ್ತು, ಸುಮಾರು 40 ನಿಮಿಷ. ಹೊಲ, ಜೌಗು, ತೊರೆ ಕಾಣುತ್ತವೆ. ಮಳೆ ಬಂದರೆ ಇದು ರದ್ದಾಗುವುದುಂಟು, ಆಕಾಶ ಕಪ್ಪಾಗಿದ್ದರೆ ಇದನ್ನೇ ಮೊದಲು ಮುಗಿಸಿ. ದೊಡ್ಡ ಮನೆಯ ಸುತ್ತು ಕೊನೆಗೆ. ಅಲ್ಲಿ ತೋರಿಸುವುದು ಕೆಳಗಿನ ಅಂತಸ್ತು ಮಾತ್ರ. ಅಮೆರಿಕದಲ್ಲಿ ‘ಫಸ್ಟ್ ಫ್ಲೋರ್’ ಅಂದರೆ ನೆಲಮಹಡಿ. ಮೇಲಿನ ಕೋಣೆಗಳನ್ನು ತೋರಿಸಲಿಲ್ಲ ಅಂತ ಬೇಸರಪಡಬೇಡಿ. ಒಳಗೆ ಫೋಟೋ ತೆಗೆಯುವ ಮುಂಚೆ ಮಾರ್ಗದರ್ಶಿಯನ್ನು ಕೇಳಿ.

ಟಿಕೆಟ್ ಎಷ್ಟು? ಅದರಲ್ಲಿ ಏನೇನು ಸೇರಿದೆ?

ದೊಡ್ಡವರಿಗೆ 30 ಡಾಲರ್ ಆಸುಪಾಸು. ಮನೆ, ಗಾಡಿ ಸುತ್ತು, ಗುಡಿಸಲು, ಗುಲ್ಲಾ ಕಾರ್ಯಕ್ರಮ ಎಲ್ಲ ಅದರಲ್ಲೇ ಬರುತ್ತದೆ. ಆದರೆ ವಸಂತದ ಸ್ಟ್ರಾಬೆರಿ ಕೀಳುವುದು, ಅಕ್ಟೋಬರದ ಕುಂಬಳಕಾಯಿ ಹೊಲ, ಜನವರಿ ಕೊನೆಯ ಸಿಂಪಿ ಹಬ್ಬ ಇವಕ್ಕೆಲ್ಲ ಬೇರೆ ಟಿಕೆಟ್, ಬೇರೆ ಪ್ರವೇಶ. ಹಬ್ಬದ ದಿನ ಪ್ಲಾಂಟೇಷನ್ ನೋಡಲು ಹೋದರೆ ವಾಹನದ ಸಾಲಲ್ಲೇ ಬೆಳಗು ಕಳೆಯುತ್ತದೆ. ಇಲ್ಲಿ ಖಾಸಗಿ ಸಮಾರಂಭಗಳೂ ನಡೆಯುತ್ತವೆ, ಕೆಲವು ದಿನ ಬೇಗ ಮುಚ್ಚುತ್ತಾರೆ. ಶನಿವಾರ ಮಧ್ಯಾಹ್ನ ಮೂರಕ್ಕೆ ಬಂದು ‘ಇನ್ನು ಮನೆ ಸುತ್ತು ಇಲ್ಲ’ ಅಂತ ಕೇಳಿಸಿಕೊಂಡವರು ಬಹಳ.

ಎದುರಿಗೇ ಇರುವ ಪಿಂಕ್ನಿ ಸ್ಮಾರಕ ನೋಡಲೇಬೇಕೇ?

ಖಂಡಿತ, ಅದೂ ಉಚಿತ. ಬೂನ್ ಹಾಲ್ ಬಾಗಿಲಿನಿಂದ ಕಾರಿನಲ್ಲಿ ಎರಡು ನಿಮಿಷ. ರಾಷ್ಟ್ರೀಯ ಉದ್ಯಾನ ಇಲಾಖೆ ನೋಡಿಕೊಳ್ಳುತ್ತದೆ. ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದವರಲ್ಲಿ ಒಬ್ಬನಾದ ಚಾರ್ಲ್ಸ್ ಪಿಂಕ್ನಿಯ ಸ್ನೀ ಫಾರ್ಮ್ ಇದು. ಆಗ 715 ಎಕರೆ, ಈಗ ಉಳಿದಿರುವುದು 28. ಮಿಕ್ಕದ್ದೆಲ್ಲ ವಸತಿ ಬಡಾವಣೆಯಾಗಿದೆ. ಆ 28 ಎಕರೆಯನ್ನೂ ನಿವೇಶನಗಳಾಗಿ ಒಡೆಯುವ ಅಂಚಿನಲ್ಲಿ ಊರವರು ಉಳಿಸಿಕೊಂಡರು.

1791ರ ಮೇ ತಿಂಗಳಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಇಲ್ಲಿ ಬೆಳಗಿನ ಉಪಾಹಾರ ಮಾಡಿ ಹೋದ. ಇಲ್ಲೂ ಅದೇ ಎಚ್ಚರಿಕೆ: ಈಗ ನಿಂತಿರುವ ಮನೆ ಪಿಂಕ್ನಿಯದಲ್ಲ. ಅವನು ಆಸ್ತಿ ಮಾರಿದ ಮೇಲೆ 1828ರ ಸುಮಾರಿಗೆ ಕಟ್ಟಿದ್ದು. ಪಿಂಕ್ನಿಯ ಮನೆ, ಅಡುಗೆಮನೆ, ಗುಲಾಮರ ಗುಡಿಸಲುಗಳ ತಳಪಾಯ ಮಣ್ಣಿನಡಿ ಇವೆ. ಪುರಾತತ್ತ್ವಜ್ಞರು ಅಗೆದು ತೆಗೆದ ಮಡಕೆ ಚೂರು, ಅಂಗಿಯ ಗುಂಡಿ, ಮಣಿಗಳನ್ನು ಒಳಗೆ ಇಟ್ಟಿದ್ದಾರೆ. ಸಂವಿಧಾನದಲ್ಲಿ ಗುಲಾಮಗಿರಿಯನ್ನು ಕಾಯ್ದ ಷರತ್ತುಗಳಿಗಾಗಿ ವಾದಿಸಿದವನು ಇವನೇ ಎಂಬುದನ್ನೂ ಮುಚ್ಚಿಡುವುದಿಲ್ಲ. ಅರ್ಧ ಮೈಲಿಯ ಕಾಲುದಾರಿ ಸೇರಿ ಒಂದು ಗಂಟೆ ಸಾಕು. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ವಾರದ ಮೊದಲ ದಿನಗಳಲ್ಲಿ ಬರುವವರು ಮುಂಚೆಯೇ ಖಚಿತಪಡಿಸಿಕೊಳ್ಳಿ.

ಇಲ್ಲಿ ಏನು ಬೆಳೆಯುತ್ತಿದ್ದರು? ನಮ್ಮ ಕಡೆಗೂ ಏನಾದರೂ ನಂಟಿದೆಯೇ?

ಭತ್ತ, ನೀಲಿ (ಬಟ್ಟೆಗೆ ಬಣ್ಣ ಕೊಡುವ ಗಿಡ), ಹತ್ತಿ. ಮೂರಕ್ಕೂ ಭಾರತದ ನಂಟಿದೆ, ಹತ್ತಿಗಂತೂ ನೇರವಾಗಿ ಧಾರವಾಡದ್ದೇ.

ಭತ್ತದಿಂದ ಶುರುಮಾಡೋಣ. ಸಮುದ್ರದ ಉಬ್ಬರ ಸಿಹಿನೀರಿನ ನದಿಯನ್ನು ಹಿಂದಕ್ಕೆ ತಳ್ಳಿದಾಗ ತೂಬು ತೆರೆದು ಗದ್ದೆಗೆ ನೀರು ಬಿಡುವುದು, ಇಳಿತದಲ್ಲಿ ಹರಿಸುವುದು. ನಮ್ಮ ಉತ್ತರ ಕನ್ನಡದ ಗಜನಿ ಗದ್ದೆ ನೋಡಿದವರಿಗೆ ಒಡ್ಡು, ತೂಬಿನ ಲೆಕ್ಕ ತಟ್ಟನೆ ತಿಳಿಯುತ್ತದೆ. ವ್ಯತ್ಯಾಸ ಇಷ್ಟೇ, ಇಲ್ಲಿ ಉಪ್ಪುನೀರು ಗದ್ದೆಗೆ ಬಂದರೆ ಬೆಳೆ ಹೋಯಿತು. ಭತ್ತ ಬೆಳೆದು ಗೊತ್ತಿದ್ದ ಪಶ್ಚಿಮ ಆಫ್ರಿಕದ ಜನರನ್ನೇ ಇಲ್ಲಿನ ಮಾಲೀಕರು ಹುಡುಕಿ ಕೊಳ್ಳುತ್ತಿದ್ದರು.

ನೀಲಿಯನ್ನು ಇಲ್ಲಿ ಲಾಭದ ಬೆಳೆಯಾಗಿ ಮಾಡಿದವಳು ಎಲೈಜಾ ಲೂಕಸ್. 1740ರ ಸುಮಾರಿಗೆ ಹದಿಹರೆಯದಲ್ಲೇ ಪ್ರಯೋಗ ಶುರುಮಾಡಿದಳು, 1744ರಲ್ಲಿ ಪಿಂಕ್ನಿ ಮನೆತನಕ್ಕೆ ಸೊಸೆಯಾಗಿ ಬಂದಳು. ಗಿಡವನ್ನು ತೊಟ್ಟಿಯಲ್ಲಿ ಕೊಳೆಸಿ, ಆ ನೀರನ್ನು ಇನ್ನೊಂದು ತೊಟ್ಟಿಗೆ ಇಳಿಸಿ ಬಡಿದು, ಸುಣ್ಣ ಹಾಕಿ, ತಳಕ್ಕಿಳಿದ ಗಸಿಯನ್ನು ಸೋಸಿ ಬಿಲ್ಲೆ ಮಾಡಿ ಒಣಗಿಸಬೇಕು. ನಾತಕ್ಕೆ ನೊಣ ಮುತ್ತುತ್ತಿದ್ದುದರಿಂದ ತೊಟ್ಟಿಗಳು ಮನೆಯಿಂದ ದೂರ ಇರುತ್ತಿದ್ದವು, ಬಡಿಯುತ್ತಿದ್ದವರು ಗುಲಾಮರು. ಅಮೆರಿಕ ಸ್ವತಂತ್ರವಾದ ಮೇಲೆ ಬ್ರಿಟನ್ನಿನ ಸಹಾಯಧನ ನಿಂತಿತು, ಕಂಪನಿ ಸರ್ಕಾರ ಬಂಗಾಳದಲ್ಲಿ ನೀಲಿ ಬೆಳೆಸಿತು. ಇಲ್ಲಿ ತೊಟ್ಟಿ ಒಣಗಿದ ಮೇಲೆ ಅಲ್ಲಿ ರೈತನ ಗೋಳು ಶುರುವಾಯಿತು.

ಹತ್ತಿಯ ಕಥೆ ಇನ್ನೂ ಹತ್ತಿರದ್ದು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ ಪ್ಲಾಂಟರುಗಳನ್ನೂ ಬೀಜವನ್ನೂ ಹತ್ತಿ ಬಿಡಿಸುವ ಯಂತ್ರಗಳನ್ನೂ ತರಿಸಿತು. ಆ ಪ್ರಯೋಗ ಗಟ್ಟಿಯಾಗಿ ಬೇರೂರಿದ್ದು ಧಾರವಾಡ ಸೀಮೆಯಲ್ಲಿ. ‘ಧಾರವಾಡ ಅಮೆರಿಕನ್’ ಅಂತ ವ್ಯಾಪಾರದಲ್ಲಿ ಹೆಸರಾದ, ರೈತರು ಜವಾರಿ ಹತ್ತಿಯಿಂದ ಬೇರ್ಪಡಿಸಿ ವಿಲಾಯತಿ ಹತ್ತಿ ಅಂದ ತಳಿ ಅದೇ. 1861ರ ಏಪ್ರಿಲ್ 12ರಂದು ಈ ಬಂದರಿನ ಫೋರ್ಟ್ ಸಮ್ಟರ್ ಮೇಲೆ ಗುಂಡು ಹಾರಿ ಅಂತರ್ಯುದ್ಧ ಶುರುವಾಯಿತು, ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ದಿಗ್ಬಂಧಿಸಿತು, ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಆಗ ಧಾರವಾಡ, ಹುಬ್ಬಳ್ಳಿಯ ಹತ್ತಿಗೆ ಬಂದ ಬೆಲೆ ಹಿಂದೆಂದೂ ಬಂದಿರಲಿಲ್ಲ. ಕಾರವಾರ ಬಂದರನ್ನು ಬೆಳೆಸಿದ್ದರ ಹಿಂದೆಯೂ ಇದೇ ಹತ್ತಿಯ ಆಸೆ ಇತ್ತು. ಯುದ್ಧ ಮುಗಿದಾಗ ಬೆಲೆ ಕುಸಿಯಿತು. ಸೇತುವೆಯ ಮೇಲೆ ನಿಂತು ಆ ಪುಟ್ಟ ಕೋಟೆ ನೋಡುವ ಧಾರವಾಡದವರು ಇದನ್ನು ನೆನಪಿಸಿಕೊಳ್ಳಬಹುದು.

ರಸ್ತೆ ಬದಿಯ ಹುಲ್ಲಿನ ಬುಟ್ಟಿ ಅಷ್ಟು ದುಬಾರಿ ಏಕೆ? ಚೌಕಾಸಿ ಮಾಡಬಹುದೇ?

ಮಾಡಬೇಡಿ. 17ನೇ ಹೆದ್ದಾರಿಯ ಬದಿಯಲ್ಲಿ ಮರದ ಪುಟ್ಟ ಅಂಗಡಿಗಳಲ್ಲಿ ಕುಳಿತು ಹೆಣೆಯುವವರು ಗುಲ್ಲಾ ಹೆಂಗಸರು, ಈಗ ಕೆಲವು ಗಂಡಸರೂ ಇದ್ದಾರೆ. ಒಂದು ಮಧ್ಯಮ ಬುಟ್ಟಿಗೆ ದಿನಗಟ್ಟಲೆ, ದೊಡ್ಡದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಬೆಲೆ ಹತ್ತಾರು ಡಾಲರಿನಿಂದ ಶುರುವಾಗಿ ನೂರಾರಕ್ಕೆ ಹೋಗುತ್ತದೆ.

ಸಾಮಾನು ನಾಲ್ಕು: ಘಮ್ಮೆನ್ನುವ ಸ್ವೀಟ್‌ಗ್ರಾಸ್, ಗಟ್ಟಿತನಕ್ಕೆ ಜೊಂಡು, ಕಂದು ಬಣ್ಣಕ್ಕೆ ಉದ್ದೆಲೆ ಪೈನ್ ಮರದ ಸೂಜಿಯೆಲೆ, ಹೊಲಿಯಲು ಪಾಮೆಟೊ ತಾಳೆಯ ಗರಿಯ ಸೀಳು. ಹೆಣಿಗೆ ಅಡ್ಡ ನೇರ ಅಲ್ಲ, ಸುರುಳಿ. ನಡುವಿನಲ್ಲಿ ಒಂದು ಗಂಟು ಹಾಕಿ, ಹುಲ್ಲಿನ ಕಂತೆಯನ್ನು ಅದರ ಸುತ್ತ ಸುತ್ತುತ್ತಾ, ಹಿಂದಿನ ಸುತ್ತಿಗೆ ತೂತು ಮಾಡಿ ಗರಿಯ ಸೀಳು ತೂರಿಸಿ ಬಿಗಿಯುತ್ತಾರೆ. ತೂತು ಮಾಡುವ ಸಲಕರಣೆಗೆ ‘ಬೋನ್’ ಅಂತಾರೆ. ಹಿಂದೆ ಮೂಳೆಯದಿತ್ತು, ಈಗ ಹೆಚ್ಚಾಗಿ ಬಟ್ಟಲು ಮುರಿದು ತುದಿ ಉಜ್ಜಿದ ಚಮಚದ ಹಿಡಿ. ಕಂತೆ ತೆಳುವಾಗುತ್ತಿದ್ದಂತೆ ಹೊಸ ಹುಲ್ಲು ಸೇರಿಸಬೇಕು, ದಪ್ಪ ಒಂದೇ ಸಮ ಉಳಿಯಬೇಕು. ಕೈ ಪಳಗಿರುವುದು ಗೊತ್ತಾಗುವುದೇ ಅಲ್ಲಿ. ಕೊಳ್ಳುವಾಗ ಬುಟ್ಟಿಯನ್ನು ಬೆಳಕಿಗೆ ಹಿಡಿಯಿರಿ: ಸುತ್ತುಗಳ ನಡುವೆ ಬೆಳಕು ತೂರಿದರೆ ಹೊಲಿಗೆ ಸಡಿಲ. ತಳ ಮೇಜಿನ ಮೇಲೆ ಕುಲುಕಾಡಬಾರದು.

ಈ ಕಲೆಯ ಮೂಲ ರೂಪ ಅಗಲವಾದ, ಅಂಚು ಗಿಡ್ಡನೆಯ ‘ಫ್ಯಾನರ್’, ಅಂದರೆ ಭತ್ತ ಕುಟ್ಟಿದ ಮೇಲೆ ತೌಡು, ಹೊಟ್ಟು ತೂರುವುದು. ನಮ್ಮ ಮೊರದ ಕೆಲಸವೇ, ಆಕಾರ ಮಾತ್ರ ದುಂಡು. ಸ್ವೀಟ್‌ಗ್ರಾಸ್ ಈಗ ಸುಲಭಕ್ಕೆ ಸಿಗುವುದಿಲ್ಲ; ಅದು ಬೆಳೆಯುವ ಕಡಲಂಚಿನಲ್ಲಿ ಬೇಲಿ ಹಾಕಿದ ಬಡಾವಣೆಗಳು ಎದ್ದು, ತಲೆಮಾರುಗಳಿಂದ ಹುಲ್ಲು ಕೀಳುತ್ತಿದ್ದವರಿಗೆ ಒಳಗೆ ಬಿಡದಂತಾಗಿದೆ. ಬುಟ್ಟಿ ಒದ್ದೆಯಾದರೆ ನೆರಳಲ್ಲಿ ಪೂರ್ತಿ ಒಣಗಿಸಿ ಇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಹೆಣೆಯುವವರ ಫೋಟೋ ಬೇಕಿದ್ದರೆ ಮೊದಲು ಕೇಳಿ. ಏನೂ ಕೊಳ್ಳದೆ ಕ್ಯಾಮರಾ ಮುಂದೆ ಚಾಚುವುದು ಅವರಿಗೆ ಸಾಕಾಗಿಹೋಗಿದೆ.

ಫೋರ್ಟ್ ಮೌಲ್ಟ್ರಿಯಲ್ಲಿ ಏನಿದೆ?

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, 1776ರ ಜೂನ್ 28ರಂದು ಬ್ರಿಟಿಷ್ ನೌಕಾಪಡೆಯನ್ನು ಇಲ್ಲಿ ಒಂದು ಅರೆಬರೆ ಮುಗಿದ ಮರದ ಕೋಟೆ ಹಿಮ್ಮೆಟ್ಟಿಸಿತು. ಗೋಡೆಗೆ ಹಾಕಿದ್ದು ಪಾಮೆಟೊ ತಾಳೆಯ ದಿಮ್ಮಿ, ನಡುವೆ ಮರಳು. ತೆಂಗಿನ ಮರದಂತೆ ನಾರುನಾರಾದ ಆ ದಿಮ್ಮಿ ಸೀಳಲಿಲ್ಲ, ಫಿರಂಗಿ ಗುಂಡನ್ನು ನುಂಗಿಕೊಂಡಿತು. ರಾಜ್ಯದ ಬಾವುಟದಲ್ಲಿ ಆ ಮರ ಇರುವುದು ಅದಕ್ಕೇ. ಈಗ ಕಾಣುವುದು 1809ರಲ್ಲಿ ಮುಗಿದ ಮೂರನೆಯ ಕೋಟೆ. ಬಾಗಿಲ ಹೊರಗೆ ಫ್ಲಾರಿಡಾದ ಮೂಲನಿವಾಸಿ ಸೆಮಿನೋಲ್ ಜನರ ನಾಯಕ ಓಸಿಯೋಲಾನ ಸಮಾಧಿ ಇದೆ. ಸೆರೆಯಲ್ಲಿದ್ದಾಗಲೇ 1838ರ ಜನವರಿಯಲ್ಲಿ ತೀರಿಕೊಂಡ.

ಫಿರಂಗಿ ನೋಡಿ ಹಿಂದಿರುಗಬೇಡಿ. ಆಫ್ರಿಕದಿಂದ ಹಡಗಿನಲ್ಲಿ ತಂದವರನ್ನು ಚಾರ್ಲ್ಸ್‌ಟನ್‌ನಲ್ಲಿ ಮಾರುವ ಮುಂಚೆ ಸೋಂಕು ಇದೆಯೇ ಅಂತ ನೋಡಲು ಈ ದ್ವೀಪದ ರೋಗನಿಗಾ ಮನೆಗಳಲ್ಲಿ ಕೂಡಿಹಾಕುತ್ತಿದ್ದರು. ಉತ್ತರ ಅಮೆರಿಕಕ್ಕೆ ತಂದ ಗುಲಾಮರಲ್ಲಿ ಅಂದಾಜು 40 ಪ್ರತಿಶತ ಈ ಬಂದರಿನ ಮೂಲಕ ಬಂದವರು. ಆ ಮನೆಗಳ ಗುರುತೂ ಉಳಿದಿಲ್ಲ. ಈ ಜನರನ್ನು ಕೂತು ನೆನೆಯಲು ದಾರಿಬದಿಯಲ್ಲಿ ಒಂದು ಬೆಂಚೂ ಇಲ್ಲ ಅಂತ ಲೇಖಕಿ ಟೋನಿ ಮಾರಿಸನ್ ಒಮ್ಮೆ ಹೇಳಿದ್ದರು. 2008ರಲ್ಲಿ ಇಲ್ಲೇ ಜೌಗಿಗೆ ಮುಖ ಮಾಡಿ ಒಂದು ಕಪ್ಪು ಉಕ್ಕಿನ ಬೆಂಚು ಹಾಕಿದರು. ಹತ್ತು ನಿಮಿಷ ಕೂತು ಬನ್ನಿ.

ದ್ವೀಪಕ್ಕೆ ಹೋಗುವ ಬೆನ್ ಸಾಯರ್ ಸೇತುವೆ ದೋಣಿಗಳಿಗಾಗಿ ತಿರುಗಿ ತೆರೆಯುವಂಥದ್ದು. ವಿಮಾನ ಹಿಡಿಯುವ ದಿನ ಕಾಲು ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಯಾರ್ಕ್‌ಟೌನ್ ಹಡಗು ಮಕ್ಕಳಿಗೆ, ಹಿರಿಯರಿಗೆ ಆಗುತ್ತದೆಯೇ?

ಮಕ್ಕಳಿಗೆ ಹಬ್ಬ. 1943ರಲ್ಲಿ ಸೇವೆಗೆ ಸೇರಿದ ವಿಮಾನವಾಹಕ ನೌಕೆ. 1968ರ ಡಿಸೆಂಬರಿನಲ್ಲಿ ಚಂದ್ರನನ್ನು ಸುತ್ತಿ ಬಂದ ಅಪೋಲೊ 8ರ ಮೂವರನ್ನು ಸಮುದ್ರದಿಂದ ಎತ್ತಿಕೊಂಡದ್ದು ಇದೇ. ಪಕ್ಕದಲ್ಲಿ ಲಾಫಿ ಎಂಬ ಡಿಸ್ಟ್ರಾಯರ್ ಯುದ್ಧನೌಕೆ ಇದೆ. ಜಲಾಂತರ್ಗಾಮಿ ನೋಡುವ ಆಸೆ ಇಟ್ಟುಕೊಳ್ಳಬೇಡಿ, ತುಕ್ಕು ಹಿಡಿದ ಕ್ಲಾಮಗೋರನ್ನು 2022ರಲ್ಲಿ ಗುಜರಿಗೆ ಎಳೆದೊಯ್ದರು. ಹಳೇ ಪ್ರವಾಸ ಪುಟಗಳಲ್ಲಿ ಅದರ ಹೆಸರು ಇನ್ನೂ ಇದೆ.

ಮಂಡಿನೋವಿನ ಹಿರಿಯರು ವಿಮಾನಗಳಿರುವ ಹ್ಯಾಂಗರ್ ಅಂತಸ್ತಿನಲ್ಲೇ ಉಳಿಯುವುದು ಒಳ್ಳೆಯದು. ಅದರ ಕೆಳಗಿನ ಎಂಜಿನ್ ಕೋಣೆ, ಹಡಗು ನಡೆಸುವ ಮೇಲಿನ ಬ್ರಿಜ್ ಎರಡಕ್ಕೂ ಏಣಿಯಂಥ ಕಡಿದಾದ ಮೆಟ್ಟಿಲು, ಬಾಗಿಲಿನ ಹೊಸ್ತಿಲು ಮೊಣಕಾಲೆತ್ತರ. ಸೀರೆ, ಚಪ್ಪಲಿ ಎರಡೂ ತೊಂದರೆ. ಬೇಸಿಗೆಯಲ್ಲಿ ಮೇಲಿನ ತೆರೆದ ಅಟ್ಟ ಕಾದ ಕಾವಲಿ. ಮೂರರಿಂದ ನಾಲ್ಕು ಗಂಟೆ ಬೇಕು, ವಾಹನ ನಿಲುಗಡೆಗೆ ಬೇರೆ ಹಣ. ಫೋರ್ಟ್ ಸಮ್ಟರ್‌ಗೆ ಇಲ್ಲಿಂದಲೂ ದೋಣಿ ಇದೆ: ಹೋಗಲು ಅರ್ಧ ಗಂಟೆ, ಕೋಟೆಯಲ್ಲಿ ಒಂದು ಗಂಟೆ, ಬರಲು ಅರ್ಧ ಗಂಟೆಗೂ ತುಸು ಹೆಚ್ಚು. ಚಾರ್ಲ್ಸ್‌ಟನ್ ದಡಕ್ಕಿಂತ ಇಲ್ಲಿಂದ ದೋಣಿಗಳು ಕಡಿಮೆ.

ಯಾವ ತಿಂಗಳು ಒಳ್ಳೆಯದು?

ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಅಜೇಲಿಯಾ ಹೂವಿನ ಕಾಲ, ಹೋಟೆಲ್ ದರವೂ ಹಾಗೇ ಅರಳಿರುತ್ತದೆ. ಅಕ್ಟೋಬರ್ ಕೊನೆ, ನವೆಂಬರ್ ನಮ್ಮ ಆಯ್ಕೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಂಗಳೂರಿನ ಮೇ ತಿಂಗಳ ಬೆವರು, ಮಧ್ಯಾಹ್ನಕ್ಕೊಮ್ಮೆ ಗುಡುಗು. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆಗಸ್ಟ್, ಸೆಪ್ಟೆಂಬರಿನಲ್ಲಿ ಹಣ ವಾಪಸ್ ಸಿಗುವ ಬುಕಿಂಗ್ ಮಾತ್ರ ಮಾಡಿ.

ವಸಂತ, ಶರತ್ತಿನ ಸಂಜೆ ಜೌಗಿನ ಹತ್ತಿರ ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ ಕಚ್ಚುತ್ತದೆ, ತುರಿಕೆ ಎರಡು ದಿನ. ಗಾಳಿ ಬೀಸುವಾಗ ಅದರ ಕಾಟ ಇಲ್ಲ. ತುಂಬುತೋಳಿನ ಅಂಗಿ, ಕೀಟ ಓಡಿಸುವ ಡೀಟ್ ಇರುವ ಕ್ರೀಮು ಸಾಕು. ಕೆರೆಯಂಚಿನಲ್ಲಿ ಮರದ ತುಂಡಿನಂತೆ ಬಿದ್ದಿರುವುದು ಮೊಸಳೆಯ ಜಾತಿಯ ಅಲಿಗೇಟರ್ ಇರಬಹುದು. 60 ಅಡಿ ದೂರ ಇರಿ, ಮಕ್ಕಳನ್ನು ದಡಕ್ಕೆ ಬಿಡಬೇಡಿ.

ಮರದಿಂದ ಜೋತುಬಿದ್ದ ಬೂದು ಗಡ್ಡ ಏನು? ಆ ಕೆಟ್ಟ ವಾಸನೆ ಯಾವುದು?

ಗಡ್ಡದ ಹೆಸರು ಸ್ಪ್ಯಾನಿಷ್ ಮಾಸ್. ಅದು ಪಾಚಿಯಲ್ಲ, ಬಂದಳಿಕೆಯೂ ಅಲ್ಲ; ಅನಾನಸ್ ಕುಟುಂಬದ ಗಿಡ. ಮರದ ರಸ ಹೀರುವುದಿಲ್ಲ, ಗಾಳಿ ಮಳೆಯಿಂದಲೇ ಬದುಕುತ್ತದೆ. ನೆಲಕ್ಕೆ ಬಿದ್ದದ್ದನ್ನು ಚೀಲಕ್ಕೆ ತುಂಬಬೇಡಿ, ಚಿಗ್ಗರ್ ಹುಳ ಇರುತ್ತದೆ. ವಾಸನೆ ಚರಂಡಿಯದಲ್ಲ. ಜೌಗಿನ ಕೆಸರಿನಲ್ಲಿ ಕೊಳೆಯುವ ಹುಲ್ಲನ್ನು ಗಾಳಿಯಿಲ್ಲದೆ ತಿನ್ನುವ ಬ್ಯಾಕ್ಟೀರಿಯಾ ಬಿಡುವ ಗಂಧಕದ ಅನಿಲ. ಇಳಿತದ ಹೊತ್ತಲ್ಲಿ ಜಾಸ್ತಿ. ಇಲ್ಲಿನವರಿಗೆ ಅದೇ ತವರಿನ ಪರಿಮಳ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಸಿಗುತ್ತದೆ, ಆದರೆ ತರಕಾರಿ ಅಂದ ಮಾತ್ರಕ್ಕೆ ನಂಬಬೇಡಿ. ಕಾಲರ್ಡ್ ಸೊಪ್ಪನ್ನು ಹಂದಿ ಮೂಳೆಯ ಜತೆ ಬೇಯಿಸುವುದೇ ರೂಢಿ. ಅಲಸಂದೆ ಕಾಳು, ಅಕ್ಕಿ ಹಾಕಿದ ಹಾಪಿನ್ ಜಾನ್, ಟೊಮೆಟೊ ಹಾಕಿದ ಕೆಂಪು ಅನ್ನ ಎರಡಕ್ಕೂ ಬೇಕನ್, ಅಂದರೆ ಉಪ್ಪು ಹಾಕಿದ ಹಂದಿ ಮಾಂಸ, ಬೀಳುತ್ತದೆ. ಕರಿದ ಬೆಂಡೆಕಾಯಿ ಸೀಗಡಿ ಕರಿದ ಎಣ್ಣೆಯಲ್ಲೇ ಆಗಿರಬಹುದು, ಬಿಸ್ಕೆಟ್ಟಿನಲ್ಲಿ (ಇಲ್ಲಿ ಅದು ಮೆತ್ತನೆಯ ಬನ್ನಿನಂಥದ್ದು) ಲಾರ್ಡ್, ಅಂದರೆ ಹಂದಿ ಕೊಬ್ಬು, ಇರಬಹುದು. ‘ಮಾಂಸ ಇದೆಯೇ’ ಅಂತ ಕೇಳಿದರೆ ಇಲ್ಲ ಅಂತಾರೆ. ‘ಬೇಕನ್, ಹ್ಯಾಮ್, ಚಿಕನ್ ಸಾರು, ಲಾರ್ಡ್ ಹಾಕಿದ್ದೀರಾ’ ಅಂತ ಒಂದೊಂದೇ ಹೆಸರು ಹಿಡಿದು ಕೇಳಿ.

ಧೈರ್ಯವಾಗಿ ತಿನ್ನಬಹುದಾದ್ದು ಗ್ರಿಟ್ಸ್. ಮೆಕ್ಕೆಜೋಳದ ರವೆಯ ಗಂಜಿ. ಬೆಣ್ಣೆ, ಉಪ್ಪು ಹಾಕಿದರೆ ತೆಳು ಉಪ್ಪಿಟ್ಟಿನ ಅಣ್ಣ. ನೀರಿನಲ್ಲಿ ಬೇಯಿಸಿದ್ದೇ ಅಂತ ಮಾತ್ರ ಕೇಳಿಕೊಳ್ಳಿ. ಇನ್ನೊಂದು ನಮ್ಮದೇ: ಬೇಯಿಸಿದ ಕಡಲೆಕಾಯಿ. 2006ರಿಂದ ಅದು ಈ ರಾಜ್ಯದ ಅಧಿಕೃತ ತಿಂಡಿ. ಹಸಿ ಕಡಲೆಕಾಯಿಯನ್ನು ಸಿಪ್ಪೆ ಸಮೇತ ಉಪ್ಪು ನೀರಿನಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ, ನಮಗಿಂತ ಮೆತ್ತಗೆ, ನಮಗಿಂತ ಉಪ್ಪು. ರಸ್ತೆ ಬದಿಯ ಅಂಗಡಿಯದೇ ರುಚಿ. ‘ಕೇಜನ್’ ಅಂತ ಬರೆದಿದ್ದರೆ ಖಾರದ್ದು.

ಶೆಮ್ ಕ್ರೀಕ್‌ನ ಹೋಟೆಲುಗಳು ಮೀನು, ಸೀಗಡಿ ತಿನ್ನುವವರ ಸ್ವರ್ಗ. ಸಸ್ಯಾಹಾರಿಗಳು ಬೇರೆಡೆ ಉಂಡು, ಸಂಜೆ ಅಲ್ಲಿನ ಮರದ ಕಾಲುದಾರಿಯಲ್ಲಿ ನಡೆಯಲು, ಡಾಲ್ಫಿನ್ ನೋಡಲು ಹೋಗಿ.

ಓಕ್ ಸಾಲಿನಲ್ಲಿ ಪ್ರೀ-ವೆಡ್ಡಿಂಗ್ ಶೂಟ್ ಮಾಡಿಸಬಹುದೇ?

ಮೊಬೈಲಿನಲ್ಲಿ ನಿಮ್ಮದೇ ಫೋಟೋ ತೆಗೆದುಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ವೃತ್ತಿಪರ ಛಾಯಾಗ್ರಾಹಕ, ದೀಪ, ಬಟ್ಟೆ ಬದಲಾವಣೆ ಅಂದರೆ ಮುಂಚಿತ ಅನುಮತಿ ಬೇಕು. ಅನುಮತಿ ಸಿಕ್ಕರೂ ಗುಡಿಸಲುಗಳ ಮುಂದೆ ಬೇಡ. 2012ರಲ್ಲಿ ಇಲ್ಲಿ ಮದುವೆಯಾದ ಹಾಲಿವುಡ್ ತಾರಾ ಜೋಡಿಯ ವರ 2020ರಲ್ಲಿ ಆ ಜಾಗದ ಆಯ್ಕೆಗೆ ಬಹಿರಂಗವಾಗಿ ವಿಷಾದಿಸಿದ. ಅಮೆರಿಕದಲ್ಲಿ ಪ್ಲಾಂಟೇಷನ್ ಮದುವೆ ಈಗ ವಿವಾದದ ವಿಷಯ.

ಇನ್ನೊಂದು ದಿನ ಇದ್ದರೆ ಬೇರೆ ಯಾವ ಪ್ಲಾಂಟೇಷನ್?

ಒಂದೇ ಆರಿಸುವುದಾದರೆ ಜೇಮ್ಸ್ ದ್ವೀಪದ ಮೆಕ್ಲಾಯ್ಡ್. 37 ಎಕರೆ, ಕೌಂಟಿಯ ಉದ್ಯಾನ ವಿಭಾಗದ್ದು, 2015ರಲ್ಲಿ ತೆರೆದದ್ದು. ಅಲ್ಲಿನ ಮಾರ್ಗದರ್ಶಿಗಳು ಮಾಲೀಕರ ಕಥೆಗಿಂತ ದುಡಿದವರ ಕಥೆಯನ್ನು ಮುಂದಿಡುತ್ತಾರೆ, ಮದುವೆಯ ಥಳಕೂ ಇಲ್ಲ. ವಾಸ್ತುಶಿಲ್ಪದ ಆಸಕ್ತಿ ಇದ್ದವರಿಗೆ ಆಶ್ಲಿ ನದಿಯ ಡ್ರೇಟನ್ ಹಾಲ್: ಹದಿನೆಂಟನೇ ಶತಮಾನದ ಅಸಲಿ ಮನೆ, ಸುಣ್ಣಬಣ್ಣ ಬಳಿದು ಹೊಸದು ಮಾಡಿಲ್ಲ, ಪೀಠೋಪಕರಣ ಒಂದೂ ಇಲ್ಲ. ಹೂದೋಟಕ್ಕೆ ಮ್ಯಾಗ್ನೋಲಿಯಾ ಪ್ಲಾಂಟೇಷನ್, ಮೆಟ್ಟಿಲು ಮೆಟ್ಟಿಲಾಗಿ ನದಿಗಿಳಿಯುವ ಉದ್ಯಾನಕ್ಕೆ ಮಿಡ್ಲ್‌ಟನ್. ಮಿಡ್ಲ್‌ಟನ್ನಿನ ದೊಡ್ಡ ಮನೆ 1865ರಲ್ಲಿ ಸುಟ್ಟು, 1886ರ ಭೂಕಂಪದಲ್ಲಿ ಗೋಡೆಯೂ ಬಿತ್ತು. ಉಳಿದಿರುವುದು ಒಂದು ಪಕ್ಕದ ಕಟ್ಟಡ. ನಾಲ್ಕನ್ನೂ ಒಂದೇ ದಿನಕ್ಕೆ ತುರುಕಬೇಡಿ. ಅದರ ಬದಲು 2023ರಲ್ಲಿ ಗ್ಯಾಡ್ಸ್‌ಡನ್ ಕಟ್ಟೆಯ ಮೇಲೆ, ಗುಲಾಮರ ಹಡಗು ಬಂದು ನಿಲ್ಲುತ್ತಿದ್ದ ಜಾಗದಲ್ಲೇ, ತೆರೆದ ಅಂತರರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಕೊಡಿ.

ಒಂದೇ ದಿನ ಇದ್ದರೆ ಹೇಗೆ ಹೊಂದಿಸುವುದು?

ಬೆಳಗ್ಗೆ ತೆರೆಯುವ ಹೊತ್ತಿಗೆ ಬೂನ್ ಹಾಲ್, 12ರವರೆಗೆ. ಎದುರಿನ ಪಿಂಕ್ನಿ ಸ್ಮಾರಕ ಒಂದು ಗಂಟೆ. 17ನೇ ಹೆದ್ದಾರಿಯಲ್ಲಿ ಬುಟ್ಟಿಯವರ ಹತ್ತಿರ ನಿಂತು ಊಟಕ್ಕೆ ಹೋಗಿ. ಎರಡೂವರೆಗೆ ಫೋರ್ಟ್ ಮೌಲ್ಟ್ರಿ, ಬೆಂಚು. ಯಾರ್ಕ್‌ಟೌನ್ ಬಿಡಿ, ಎರಡು ಗಂಟೆಯಲ್ಲಿ ಅದು ಮುಗಿಯುವುದಿಲ್ಲ, ಓಡಿಕೊಂಡು ನೋಡಿದರೆ ಕಬ್ಬಿಣ ಮಾತ್ರ ಕಾಣುತ್ತದೆ. ಸಂಜೆ ರಾವೆನೆಲ್ ಸೇತುವೆಯ ಕೆಳಗಿನ ಉದ್ಯಾನಕ್ಕೆ ಬನ್ನಿ. 2005ರಲ್ಲಿ ತೆರೆದ ಈ ಸೇತುವೆಯ ಮೇಲೆ 12 ಅಡಿ ಅಗಲದ ಕಾಲುದಾರಿ ಇದೆ, ಹಣ ಕೊಡಬೇಕಿಲ್ಲ. ಪೂರ್ತಿ ದಾಟಲು ಎರಡೂವರೆ ಮೈಲಿಗೂ ಹೆಚ್ಚು. ನಡುವಿನ ಎತ್ತರಕ್ಕೆ ಹತ್ತಿ ಹಿಂದಿರುಗಿದರೆ ಸಾಕು. ನೆರಳಿಲ್ಲ, ನೀರಿನ ನಲ್ಲಿ ಇಲ್ಲ, ಶೌಚಾಲಯ ಕೆಳಗಿನ ಉದ್ಯಾನದಲ್ಲಿ ಮಾತ್ರ. ನೀರಿನ ಬಾಟಲಿ ಕಾರಿನಲ್ಲೇ ಬಿಟ್ಟು ಹತ್ತಬೇಡಿ.